ಕಲ್ಲಿನ ಜಾತಿ, ಬಿಲ್ಲಿನ ನೀತಿ

ಶಿವಾಜಿನಗರದಿಂದ ಕೆ.ಆರ್.ಪುರದವರೆಗಿನ ನೆಲದಡಿ ಇರುವುದು ನೈಸ್ ಮತ್ತು ಗ್ರಾನೈಟ್ ಶಿಲೆ. ಇಲ್ಲಿನ ಹಳೆಯ ಮಳಿಗೆಗಳ ನೆಲದಲ್ಲಿ ಕಾಣುವ ಶಹಾಬಾದ್ ಕಲ್ಲಾದರೋ ಕಲಬುರಗಿ ಜಿಲ್ಲೆಯಿಂದ ಬಂದ ಪದರು ಶಿಲೆ.

ಮರಳು, ಜೇಡಿ, ಸುಣ್ಣದ ಕಣಗಳು ನೀರಿನ ತಳದಲ್ಲಿ ಪದರಪದರವಾಗಿ ಸಂಚಯಗೊಂಡು, ಮೇಲಿನ ಭಾರದಿಂದ ಅದುಮಲ್ಪಟ್ಟು, ಖನಿಜದ ಅಂಟಿನಿಂದ ಬೆಸೆದು ಪದರು ಶಿಲೆಯಾಗುತ್ತವೆ. ಇವುಗಳಲ್ಲಿ ಮೂರು ವರ್ಗ: ಬಾದಾಮಿಯ ಮರಳುಗಲ್ಲಿನಂತೆ ಶಿಲಾಕಣಗಳಿಂದಾದವು, ಜಿಪ್ಸಂನಂತೆ ಕರಗಿದ ಲವಣ ಘನೀಭವಿಸಿ ಆದವು, ಕಲ್ಲಿದ್ದಲಿನಂತೆ ಜೀವಾವಶೇಷಗಳಿಂದಾದವು. ಸುಣ್ಣಕಲ್ಲು ಕೊನೆಯ ಎರಡೂ ಬಗೆಯಲ್ಲಿ ಉಂಟಾಗಬಲ್ಲದು. ಶಹಾಬಾದ್ ಕಲ್ಲು ಸುಣ್ಣಕಲ್ಲೇ. ಪದರಗಳಿರುವುದರಿಂದ ಚಪ್ಪಡಿಯಾಗಿ ಸೀಳುತ್ತದೆ, ಸುಣ್ಣವಿರುವುದರಿಂದ ಆಮ್ಲ ತಗುಲಿದರೆ ನೊರೆಯುಕ್ಕುತ್ತದೆ.

ಈ ವರ್ಗೀಕರಣ ತೆರಿಗೆಗೂ ಸಂಬಂಧಿಸಿದೆ. ಸುಂಕಪಟ್ಟಿಯಲ್ಲಿ, ಸಾಪೇಕ್ಷ ಸಾಂದ್ರತೆ 2.5 ಅಥವಾ ಹೆಚ್ಚಿರುವ ಸುಣ್ಣಯುಕ್ತ ಕಟ್ಟಡಕಲ್ಲು 2515ನೆಯ ಶೀರ್ಷಿಕೆಗೆ, ಗ್ರಾನೈಟ್ ಹಾಗೂ ಮರಳುಗಲ್ಲು 2516ಕ್ಕೆ, ಸಿಮೆಂಟ್ ತಯಾರಿಕೆಯ ಸುಣ್ಣಕಲ್ಲು 2521ಕ್ಕೆ ಸೇರುತ್ತವೆ. ಹೊಳಪು ಕೊಟ್ಟ ಕಟ್ಟಡಕಲ್ಲು ಸಾಮಾನ್ಯವಾಗಿ 6802ರಲ್ಲಿ ಬರುತ್ತದೆ. ಶೀರ್ಷಿಕೆ ತಪ್ಪಿ ಕಡಿಮೆ ದರ ವಿಧಿಸಿದಲ್ಲಿ ವ್ಯತ್ಯಾಸದ ತೆರಿಗೆಯನ್ನು ಬಡ್ಡಿಸಮೇತ ತೆರಬೇಕಾದವರು ವ್ಯಾಪಾರಿಗಳೇ. ಆದಕಾರಣ ಇನ್‌ವಾಯ್ಸಿನಲ್ಲಿ ಬರಿದೇ ‘ಕಲ್ಲು’ ಎನ್ನದೆ, ಅದರ ಜಾತಿ, ಹೊಳಪು, ಉಪಯೋಗ ಮೂರನ್ನೂ ನಮೂದಿಸುವುದು ಲೇಸು.