ಎಲೆಕ್ಟ್ರಿಷಿಯನ್ ಹೆಲ್ಪರ್: ಕೈಕೆಲಸದ ಜೊತೆ ಕಾಗದವೂ ಇರಲಿ

ಯಾದಗಿರಿ: ಯಾದಗಿರಿ, ಶಹಾಪುರ, ಸುರಪುರದಲ್ಲಿ ಮನೆ, ಮಳಿಗೆ ಕಟ್ಟುವ ಕಡೆ ಎಲೆಕ್ಟ್ರಿಷಿಯನ್ ಕೈಕೆಳಗೆ ಹೆಲ್ಪರ್ ಆಗಿ ಕೆಲಸ ಕಲಿಯುವ ಹುಡುಗರು ಇದ್ದೇ ಇರ್ತಾರೆ. ಸ್ಲ್ಯಾಬ್ ಹಾಕೋ ಮುಂಚೆ ಪೈಪ್, ಫ್ಯಾನ್ ಬಾಕ್ಸ್ ಕೂಡಿಸಬೇಕು. ಆಮೇಲೆ ಗೋಡೆ ಕೊರೆದು ವೈರ್ ಎಳೆಯಬೇಕು, ಕೊನೆಗೆ ಬೋರ್ಡ್. ಕೆಲಸವೇನೋ ಬರುತ್ತದೆ. ಆದರೆ ಕಾಗದ ಇಲ್ಲದಿದ್ದರೆ ಎಷ್ಟು ವರ್ಷ ದುಡಿದರೂ ಹೆಲ್ಪರ್ ಹೆಲ್ಪರ್ ಆಗಿಯೇ ಉಳಿಯುತ್ತಾನೆ.

ದಾರಿ ಯಾವುದು?
ಎಸ್ಸೆಸ್ಸೆಲ್ಸಿ ಪಾಸಾದವರಿಗೆ ಐಟಿಐ ಎಲೆಕ್ಟ್ರಿಷಿಯನ್ ಕೋರ್ಸ್ 2 ವರ್ಷ. ಅದಾದ ಮೇಲೆ ಅಪ್ರೆಂಟಿಸ್ ಆಗಿ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ, ತಿಂಗಳಿಗೆ ಸ್ಟೈಪೆಂಡ್ ಇರಬೇಕು. ಕಲಿಯುವಾಗ ಅಪಘಾತವಾದರೆ ಪರಿಹಾರ ಮಾಲೀಕರ ಹೊಣೆ. ಬಾಯಿಮಾತಿನ ಮೇಲೆ ಸೇರಿದ ಹೆಲ್ಪರ್‌ಗೆ ಕರೆಂಟ್ ಹೊಡೆದರೆ ಕೆಲಸಕ್ಕಿದ್ದ ಅಂತ ತೋರಿಸಲೂ ದಾಖಲೆ ಇರಲ್ಲ.

ಮುಂದೆ ಸ್ವಂತ ಗುತ್ತಿಗೆ ಹಿಡಿಯಲು ವಿದ್ಯುತ್ ಪರಿವೀಕ್ಷಣಾ ಇಲಾಖೆಯ ಲೈಸೆನ್ಸ್ ಬೇಕು. ಹೊಸ ಮೀಟರ್‌ಗೆ ಜೆಸ್ಕಾಂ ಕೇಳುವುದೂ ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿಯನ್ನೇ.

ಈಗಾಗಲೇ ಕೆಲಸದಲ್ಲಿದ್ದರೆ?
18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಎಲೆಕ್ಟ್ರಿಷಿಯನ್ ಕೆಲಸವೂ ಇದರಲ್ಲಿ ಬರುತ್ತದೆ. ತಾಲ್ಲೂಕಿನ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಕಟ್ಟಿಸುವವರಿಗೂ ಜವಾಬ್ದಾರಿ
ಮನೆ ಕರೆಂಟ್ 230 ವೋಲ್ಟ್, ಜೀವ ತೆಗೆಯಲು ಅಷ್ಟು ಸಾಕು. ಮೇನ್ ಬಂದ್ ಮಾಡಿ ಟೆಸ್ಟರ್ ಹಿಡಿದು ನೋಡದೆ ಹುಡುಗರಿಗೆ ವೈರ್ ಮುಟ್ಟಿಸಬೇಡಿ. ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ. ಕಂಬ ಹತ್ತಿಸಲೇಬೇಡಿ, ಅದು ಜೆಸ್ಕಾಂ ಲೈನ್‌ಮನ್ ಕೆಲಸ.