ಪಟ್ಟದಾನೆಯ ಕಣ್ಣು: ಪೊರೆಯೋ, ಹೂವೋ?

ನಂಜನಗೂಡಿನ ಶ್ರೀಕಂಠೇಶ್ವರನಿಗೆ ‘ಹಕೀಮ ನಂಜುಂಡ’ನೆಂಬ ಹೆಸರು ಬಂದ ಕಥೆ ಮೈಸೂರು ಸೀಮೆಯವರಿಗೆಲ್ಲ ಗೊತ್ತಿರುವಂಥದೇ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಕಾಣದಾಯಿತು. ವೈದ್ಯರ ಕೈಲಿ ಆಗಲಿಲ್ಲ. ಕೊನೆಗೆ ನಂಜುಂಡನಿಗೆ ಪೂಜೆ ಮಾಡಿಸಿದ ಮೇಲೆ ಆನೆಗೆ ದೃಷ್ಟಿ ಮರಳಿತು. ಸುಲ್ತಾನ ಮೆಚ್ಚಿ ಪಚ್ಚೆಯ ಲಿಂಗವೊಂದನ್ನು ಒಪ್ಪಿಸಿದ, ದೇವರನ್ನು ಹಕೀಮನೆಂದು ಕರೆದ. ಆನೆ ಹೈದರಾಲಿಯದು ಎನ್ನುವವರೂ ಇದ್ದಾರೆ. ಆನೆಯ ಕಥೆ ಐತಿಹ್ಯವಿರಬಹುದು. ಪಚ್ಚೆ ಲಿಂಗವಂತೂ ಇಂದಿಗೂ ದೇವಾಲಯದಲ್ಲಿದೆ.

ಕಣ್ಣಿನ ರೋಗ ಬಲ್ಲವರು ಈ ಕಥೆ ಕೇಳಿದರೆ ಮೊದಲು ಏಳುವ ಪ್ರಶ್ನೆ ಬೇರೆ. ಆನೆಯ ಕಣ್ಣಿಗೆ ಬಂದದ್ದು ಪೊರೆಯೋ, ಹೂವೋ? ಎರಡರಲ್ಲೂ ಕಣ್ಣು ಬೆಳ್ಳಗಾಗುತ್ತದೆ. ಹಳ್ಳಿಗಳಲ್ಲಿ ಎರಡನ್ನೂ ಒಂದೇ ಎಂದು ತಿಳಿದು, ಒಂದಕ್ಕೆ ಸಲ್ಲುವ ಮಾತನ್ನು ಇನ್ನೊಂದಕ್ಕೆ ಹೇಳಿ ಕಣ್ಣು ಕಳೆದುಕೊಳ್ಳುವವರಿರುವುದರಿಂದ ಈ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಪೊರೆ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದು. ಹಾವಿನ ಪೊರೆಯ ಹಾಗೆ ಕಣ್ಣಿನ ಮೇಲೆ ಏನೋ ಮುಚ್ಚಿಕೊಂಡಿದೆ, ಸುಲಿದರೆ ಆಯಿತು ಎಂಬ ಭಾವನೆ ಅದರಿಂದ ಬರುತ್ತದೆ. ನಿಜವಾಗಿ ಅಲ್ಲಿ ಮುಚ್ಚಿಕೊಂಡದ್ದು ಏನೂ ಇಲ್ಲ. ಪಾಪೆಯ ಹಿಂದಿರುವ, ಗಾಜಿನಂತೆ ತಿಳಿಯಾದ ಮಸೂರವೇ ವಯಸ್ಸಾದಂತೆ ಮಬ್ಬಾಗುತ್ತದೆ. ನೋವಿಲ್ಲ, ಕೆಂಪಿಲ್ಲ. ಹೂವು ಹಾಗಲ್ಲ. ಅದು ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತಿರುವ ಕಾರ್ನಿಯಾ ಎಂಬ ಪಟಲದ ಮೇಲೆ ಹುಣ್ಣಾಗಿ, ಮಾಯ್ದ ಮೇಲೆ ಉಳಿಯುವ ಬಿಳಿಯ ಕಲೆ. ಹೂಗಣ್ಣು ಎಂದು ನಮ್ಮ ಹಿರಿಯರು ಕರೆದದ್ದು ಇದನ್ನೇ. ಪೊರೆಯಿಂದ ಕಾಣದಾದ ಕಣ್ಣಿನಲ್ಲಿ ಬೇರೆ ರೋಗವಿಲ್ಲದಿದ್ದರೆ ತಡವಾಗಿಯಾದರೂ ದೃಷ್ಟಿ ಮರಳೀತು. ಹೂವಿನ ಹಣೆಬರಹ ಗಾಯವಾದ ಮೊದಲ ಕೆಲವು ದಿನಗಳಲ್ಲೇ ತೀರ್ಮಾನವಾಗಿಬಿಡುತ್ತದೆ.

‘ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ, ಆಮೇಲೆ ನೋಡೋಣ’ ಎನ್ನುವ ಮಾತು ನಂಜನಗೂಡು, ತಿ. ನರಸೀಪುರದ ಮನೆಗಳಲ್ಲಿ ಹೊಸದಲ್ಲ. ಇದನ್ನು ಮೌಢ್ಯವೆಂದು ನಗುವ ಹಾಗಿಲ್ಲ. ಒಂದು ಕಾಲಕ್ಕೆ ವೈದ್ಯರೇ ಹೀಗೆ ಹೇಳುತ್ತಿದ್ದರು. ಸುಶ್ರುತ ಸಂಹಿತೆಯ ಕಾಲದಿಂದ ಬಂದ ವಿಧಾನದಲ್ಲಿ ಮಬ್ಬಾದ ಮಸೂರವನ್ನು ಸೂಜಿಯಂಥ ಸಲಾಕೆಯಿಂದ ಪಾಪೆಯ ದಾರಿಯಿಂದಾಚೆಗೆ ನೂಕುತ್ತಿದ್ದರು. ಆಮೇಲೆ ಮಸೂರವನ್ನು ಇಡಿಯಾಗಿ ಹೊರತೆಗೆಯುವ ಶಸ್ತ್ರಚಿಕಿತ್ಸೆ ಬಂತು. ಎಳೆಯ ಪೊರೆ ಸಲೀಸಾಗಿ ಬಿಡಿಸಿಕೊಂಡು ಬರುತ್ತಿರಲಿಲ್ಲ. ಮಸೂರ ತೆಗೆದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಬೇಕಿತ್ತು; ಇನ್ನೊಂದು ಕಣ್ಣು ಚೆನ್ನಾಗಿ ಕಾಣುತ್ತಿದ್ದರೆ ಅದೂ ಇದೂ ಹೊಂದದೆ ತಲೆ ತಿರುಗುತ್ತಿತ್ತು. ಆದ್ದರಿಂದ ಪೂರ್ತಿ ಕುರುಡಾಗುವವರೆಗೆ ಕಾಯುವುದೇ ಲೇಸಾಗಿತ್ತು. ಬೀಳಗಿಯಲ್ಲಿ ಹುಟ್ಟಿ ನಾಡೆಲ್ಲ ಶಿಬಿರ ನಡೆಸಿದ, 2005ರಲ್ಲಿ ತೀರಿಕೊಂಡ ಡಾ. ಎಂ.ಸಿ. ಮೋದಿಯವರು ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿ ಗಿನ್ನೆಸ್ ಪುಸ್ತಕ ಸೇರಿದವರು. ಅವರು ಶಿಬಿರಗಳನ್ನು ಆರಂಭಿಸಿದಾಗ ಇದ್ದದ್ದು ದಪ್ಪ ಕನ್ನಡಕದ ಯುಗವೇ.

ಅದನ್ನು ಮುಗಿಸಿದ್ದು ಯುದ್ಧದ ಒಂದು ಅಪಘಾತ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಕಿಟಕಿ ಒಡೆದು ಅದರ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣೊಳಗೆ ಹೊಕ್ಕರೂ ಕಣ್ಣು ಅವನ್ನು ಸಹಿಸಿಕೊಂಡದ್ದನ್ನು ಲಂಡನ್ನಿನ ಹೆರಾಲ್ಡ್ ರಿಡ್ಲೆ ಗಮನಿಸಿದರು. ಅಂಥದೇ ಪ್ಲಾಸ್ಟಿಕ್ಕಿನಿಂದ ಮಸೂರ ಮಾಡಿಸಿ 1949ರಲ್ಲಿ ರೋಗಿಯೊಬ್ಬರ ಕಣ್ಣೊಳಗೆ ಕೂರಿಸಿದರು. 1992ರಲ್ಲಿ ಮಧುರೆಯ ಅರೋಲ್ಯಾಬ್ ಈ ಮಸೂರವನ್ನು ಅಗ್ಗವಾಗಿ ತಯಾರಿಸತೊಡಗಿದ ಮೇಲೆ ಅದು ಬಡವರ ಕೈಗೂ ಎಟುಕಿತು. ಈಗ ಸಣ್ಣ ಸೀಳು, ಬಹುಪಾಲು ಹೊಲಿಗೆಯೂ ಇಲ್ಲ. ಕಾಯುವ ಕಾರಣಗಳೆಲ್ಲ ಹೋದವು, ಮಾತು ಮಾತ್ರ ಉಳಿಯಿತು. ಈಗ ಕಾಯುವುದರಲ್ಲೇ ಅಪಾಯ: ಅತಿಯಾಗಿ ಮಾಗಿದ ಮಸೂರ ಗಟ್ಟಿಯಾಗುತ್ತದೆ, ಕೆಲವೊಮ್ಮೆ ಉಬ್ಬಿ ಇಲ್ಲವೇ ಸೋರಿ ಕಣ್ಣಿನ ಒತ್ತಡ ಏರಿಸಿ ನರವನ್ನೇ ಕೊಲ್ಲುತ್ತದೆ. ಆ ನರ ಮತ್ತೆ ಬಾರದು. ಕೆಲಸಕ್ಕೆ ತೊಡಕಾಗುವಷ್ಟು ಮಬ್ಬಾದಾಗ ತೆಗೆಸುವುದು ಇಂದಿನ ಕ್ರಮ.

ಇನ್ನು ಹೂವಿನ ಮಾತು. ಕಪಿಲೆ, ಕಾವೇರಿಗಳ ನೀರುಂಡು ಭತ್ತ, ಕಬ್ಬು ಬೆಳೆಯುವ ಈ ಎರಡು ತಾಲ್ಲೂಕುಗಳಿಗೆ ಇದು ಹೆಚ್ಚು ಹತ್ತಿರದ ವಿಷಯ. ತಲಕಾಡಿನ ಮರಳು ಕಣ್ಣಿಗೆ ಬಿದ್ದರೆ ತೊಳೆದರೆ ಸಾಮಾನ್ಯವಾಗಿ ಹೋದೀತು. ಒಕ್ಕಣೆಯಲ್ಲಿ ಸಿಡಿದ ಭತ್ತದ ಸುಂಕು, ಗದ್ದೆಯಲ್ಲಿ ಗೀರಿದ ಕಬ್ಬಿನ ಗರಿ ಹಾಗಲ್ಲ. ಕಾರ್ನಿಯಾವನ್ನು ತರಚುವುದಲ್ಲದೆ ಬೂಷ್ಟನ್ನೂ ಒಳಕ್ಕೆ ಬಿತ್ತಿಹೋಗಬಹುದು. ಫ್ಯುಸೇರಿಯಂ, ಆಸ್ಪರ್ಜಿಲಸ್ ಎಂಬ ಈ ಬೂಷ್ಟುಗಳು ಮಣ್ಣಿನಲ್ಲಿ, ಒಣಹುಲ್ಲಿನಲ್ಲಿ ಇರುವಂಥವೇ. ಎರಡು ಮೂರು ದಿನ ಬರಿಯ ಕೆರೆತ, ನೀರು. ಆಮೇಲೆ ನೋವು, ಬೆಳಕು ಕಂಡರೆ ಆಗದು, ಗುಡ್ಡೆಯ ಮೇಲೆ ಬಿಳಿಯ ಚುಕ್ಕೆ. ಗಾಯ ಕೆಟ್ಟರೆ ‘ನಂಜಾಯಿತು’ ಎನ್ನುತ್ತೇವಲ್ಲ, ಅದೇ ನಂಜು.

ಈ ಎರಡು ಮೂರು ದಿನಗಳಲ್ಲಿ ಮನೆಯಲ್ಲಿ ನಡೆಯುವುದೇನು? ನಾಲಿಗೆಯ ತುದಿಯಿಂದ ಕಸ ತೆಗೆಯುವುದು, ಎದೆಹಾಲು, ನಂದಿಬಟ್ಟಲು ಹೂವಿನ ರಸ, ಹರಳೆಣ್ಣೆ. ಪ್ರೀತಿಯಿಂದ ಮಾಡುವ ಉಪಚಾರಗಳೇ, ಆದರೆ ತೆರೆದ ಗಾಯಕ್ಕೆ ಹೊಸ ರೋಗಾಣು ಹಾಕಿದಂತೆ. ಇವುಗಳಿಗಿಂತ ಕೆಟ್ಟದ್ದು ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ. ಕೆಂಪು ಎರಡು ದಿನದಲ್ಲಿ ಇಳಿಯುತ್ತದೆ, ರೋಗಿ ಸಮಾಧಾನದಿಂದ ಗದ್ದೆಗೆ ಹೋಗುತ್ತಾನೆ, ಬೂಷ್ಟು ಅಡ್ಡಿಯಿಲ್ಲದೆ ಆಳಕ್ಕಿಳಿಯುತ್ತದೆ.

ತಿ. ನರಸೀಪುರದ ಗುಂಜಾ ನರಸಿಂಹನ ಕೈಯಲ್ಲಿರುವ ಗುಲಗಂಜಿಯನ್ನೂ ಇಲ್ಲಿ ನೆನೆಯಬೇಕು. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದಕ್ಕೆ ಅದು ಗುರುತು. ಇದೇ ಬೀಜದ ಕಷಾಯವನ್ನು 1882ರಲ್ಲಿ ಪ್ಯಾರಿಸಿನ ವೈದ್ಯ ಲೂಯಿ ದ ವೆಕರ್ ಟ್ರಕೋಮಾ ಎಂಬ ಕಣ್ಣಿನ ರೋಗಕ್ಕೆ ಬಳಕೆಗೆ ತಂದರು. ಕಣ್ಣು ಭೀಕರವಾಗಿ ಉರಿದು, ಆ ಉರಿಯಲ್ಲಿ ರೋಗ ಸುಟ್ಟುಹೋಗಲಿ ಎಂಬ ಎಣಿಕೆ. ಕಣ್ಣೇ ಹಾಳಾಗುವ ಭಯದಿಂದ ಅದು ಬಳಕೆ ತಪ್ಪಿತು. ಗುಲಗಂಜಿಯ ವಿಷ ಅಷ್ಟು ಪ್ರಬಲ. ತೇದು ಕಣ್ಣಿಗೆ ಹಚ್ಚುವ ಸಾಹಸ ಯಾರೂ ಮಾಡಬಾರದು.

ಮಾಡಬೇಕಾದದ್ದು ಸರಳವಾಗಿದೆ. ಉಜ್ಜದೆ ಶುದ್ಧ ನೀರಿನಲ್ಲಿ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗುವುದು. ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರೇ ಕಣ್ಣು ತರಚಿದವರಿಗೆ ಮೂರು ದಿನ ಆ್ಯಂಟಿಬಯೋಟಿಕ್ ಮುಲಾಮು ಹಾಕಿದರು. 2001ರಲ್ಲಿ ಪ್ರಕಟವಾದ ಆ ವರದಿಯಂತೆ, ಗಾಯವಾದ 18 ಗಂಟೆಯೊಳಗೆ ಮುಲಾಮು ಕಂಡ ಯಾರಿಗೂ ಹುಣ್ಣಾಗಲಿಲ್ಲ. ಬೂಷ್ಟು ಹತ್ತಿದ ಮೇಲಾದರೆ ನಟಾಮೈಸಿನ್ ಹನಿಯನ್ನು ಮೊದಲಿಗೆ ಗಂಟೆಗೊಮ್ಮೆಯಂತೆ, ವಾರಗಟ್ಟಲೆ ಹಾಕಬೇಕಾದೀತು. ಹಾಗಿದ್ದೂ ಕಲೆ ಉಳಿಯಬಹುದು.

ಕಲೆ ದಟ್ಟವಾಗಿ ದೃಷ್ಟಿಗೆ ಅಡ್ಡ ಬಂದರೆ ಇನ್ನೊಬ್ಬರ ಕಾರ್ನಿಯಾ ಕಸಿ ಮಾಡುವುದೇ ಮುಖ್ಯ ದಾರಿ. ಸುಣ್ಣದಿಂದ ಎರಡೂ ಕಣ್ಣು ಸುಟ್ಟುಕೊಂಡ ಕೂಲಿಕಾರನೊಬ್ಬನಿಗೆ ಎಡುವಾರ್ಡ್ ಜಿರ್ಮ್ ಎಂಬ ವೈದ್ಯರು 1905ರಲ್ಲಿ ಮೊದಲ ಬಾರಿ ಇದನ್ನು ಸಫಲವಾಗಿ ಮಾಡಿದರು. ಕಣ್ಣು ಕಿತ್ತುಕೊಟ್ಟ ಕಣ್ಣಪ್ಪ ನಮ್ಮ ಅರವತ್ತುಮೂವರು ಪುರಾತನರಲ್ಲಿ ಒಬ್ಬ. ಆ ಪುರಾತನರ ವಿಗ್ರಹಗಳು ನಂಜನಗೂಡಿನ ದೇವಾಲಯದಲ್ಲಿವೆ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಅವನ ಪಾತ್ರ ವಹಿಸಿದ ಗಾಜನೂರಿನ ರಾಜಕುಮಾರ್ ಅವರ ಕಣ್ಣುಗಳನ್ನು 2006ರಲ್ಲಿ ದಾನ ಮಾಡಲಾಯಿತು, 2021ರಲ್ಲಿ ಮಗ ಪುನೀತ್ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ದಾನಕ್ಕೆ ಸತ್ತ ಆರು ಗಂಟೆಯೊಳಗೆ ನೇತ್ರಭಂಡಾರಕ್ಕೆ ತಿಳಿಸಿ ಕಣ್ಣು ತೆಗೆಸಬೇಕು. ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಒದ್ದೆ ಹತ್ತಿ ಇಟ್ಟು, ಫ್ಯಾನು ನಿಲ್ಲಿಸಿರಬೇಕು. ಕನ್ನಡಕ ಹಾಕುತ್ತಿದ್ದವರು, ಪೊರೆ ತೆಗೆಸಿಕೊಂಡವರೂ ಕೊಡಬಹುದು. ಕಸಿಗೆ ಬೇಕಾದದ್ದು ಮುಂದಿನ ಆ ತೆಳು ಪಟಲವಷ್ಟೇ.