ಕೋವಿಯ ಒದೆತ

ಎನ್.ಸಿ.ಸಿ. ಸೇರಿದ ಹೊಸ ವಿದ್ಯಾರ್ಥಿಗೆ ಗುರಿ ತಪ್ಪೀತೆಂಬ ಭಯಕ್ಕಿಂತ ಕೋವಿಯ ಒದೆತದ ಭಯವೇ ಹೆಚ್ಚು. ಆದ್ದರಿಂದ ಅವನು ಅದನ್ನು ಭುಜಕ್ಕೆ ತಾಗಿಯೂ ತಾಗದಂತೆ ಹಿಡಿಯುತ್ತಾನೆ. ಪೆಟ್ಟು ಬೀಳುವುದೂ ಅದರಿಂದಲೇ. ಕಾರಣವನ್ನು ವಿಚಾರಿಸೋಣ.

ಹೊಸಕೋಟೆಯ ಕೆರೆಯಲ್ಲಿ ಹರಿಗೋಲಿನಿಂದ ದಡಕ್ಕೆ ಹಾರಿದರೆ ಹರಿಗೋಲು ಹಿಂದಕ್ಕೆ ಸರಿಯುತ್ತದೆ. 1687ರಲ್ಲಿ ನ್ಯೂಟನ್ ಪ್ರಕಟಿಸಿದ ಮೂರನೆಯ ನಿಯಮವೇ ಇದು. ಎನ್.ಸಿ.ಸಿ.ಯಲ್ಲಿ ಬಹುಕಾಲ ಬಳಕೆಯಲ್ಲಿದ್ದ 303 ರೈಫಲ್ಲಿನ ತೂಕ ಸುಮಾರು 4 ಕಿಲೋಗ್ರಾಂ. ಅದರ ಗುಂಡಿನ ತೂಕ 11 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 740 ಮೀಟರ್. ಎರಡು ಕಡೆಯ ಸಂವೇಗಗಳೂ ಸಮವಾಗಬೇಕಾದರೆ ಕೋವಿಯು ಸೆಕೆಂಡಿಗೆ 2 ಮೀಟರಿನಂತೆ ಹಿಂದಕ್ಕೆ ಬರಬೇಕು. ಉರಿದ ಮದ್ದಿನ ಅನಿಲವೂ ಮುಂದಕ್ಕೆ ನುಗ್ಗುವುದರಿಂದ ಈ ವೇಗ ಇನ್ನೂ ತುಸು ಹೆಚ್ಚುತ್ತದೆ. ಕಲಿಕೆಯ 22 ರೈಫಲ್ಲಿನಲ್ಲಿ ಒದೆತ ಇದರ ಸುಮಾರು ಹತ್ತನೆಯ ಒಂದು ಪಾಲು.

ಒದೆತವನ್ನು ಅಳಿಸಲಾಗದು, ಹಂಚಬಹುದು. ಅದು ಬಟ್ ಎಂಬ ಮರದ ಹಿಂಭಾಗದ ಕೆಲಸ. ಅದರ ಅಗಲವಾದ ತುದಿ ಬಲವನ್ನು ಭುಜದ ಮೇಲೆ ಹರಡುತ್ತದೆ. ಬಟ್ ನಳಿಕೆಯ ನೇರಕ್ಕಿಂತ ಕೆಳಗೆ ಬಾಗಿದಷ್ಟೂ ಒದೆತವು ಕೋವಿಯ ಮೂತಿಯನ್ನು ಮೇಲಕ್ಕೆತ್ತುತ್ತದೆ. ನೇರವಾದಷ್ಟೂ ಎತ್ತುವುದು ಕಡಮೆ.

ಬಟ್ಟನ್ನು ಭುಜಕ್ಕೆ ಬಿಗಿಯಾಗಿ ಒತ್ತಿದರೆ ಕೋವಿಯೂ ದೇಹವೂ ಒಂದಾಗಿ ನಿಧಾನವಾಗಿ ಹಿಂದೆ ಸರಿಯುತ್ತವೆ. ನಡುವೆ ಸಂದು ಬಿಟ್ಟರೆ ಕೋವಿ ಪೂರ್ಣ ವೇಗ ಪಡೆದು ಸುತ್ತಿಗೆಯಂತೆ ಬಡಿಯುತ್ತದೆ.

ಗುಂಡು ನಳಿಕೆಯನ್ನು ಬಿಡುವಷ್ಟರಲ್ಲಿ ಕೋವಿ ಹಿಂದೆ ಸರಿಯುವುದು ಒಂದೆರಡು ಮಿಲಿಮೀಟರ್ ಮಾತ್ರ. ಆದುದರಿಂದ ಗುರಿಯನ್ನು ಹೆಚ್ಚಾಗಿ ಕೆಡಿಸುವುದು ಒದೆತವಲ್ಲ; ಅದನ್ನು ನೆನೆದು ಕಣ್ಣು ಮುಚ್ಚಿ ಟ್ರಿಗರನ್ನು ಜಗ್ಗುವ ಅಂಜಿಕೆ. ನಿಯಮವನ್ನರಿತವನು ಭುಜ ಕೊಟ್ಟು ನಿಲ್ಲುತ್ತಾನೆ.